ಅತ್ತೆಯ ಹತ್ತಿ, ಸೊಸೆಯ ಹೊಲಿಗೆ

ನನ್ನಾಕೆ ತೀರಿಕೊಂಡ ಮೇಲೆ ಸೋಮವಾರದ ದರ್ಶನಕ್ಕೆ ನಂಜನಗೂಡಿಗೆ ಒಬ್ಬನೇ ಹೋಗುತ್ತೇನೆ. ಈ ವಾರ ತಾಂಡವಪುರದಲ್ಲಿ ಬಸ್ಸು ಹತ್ತಿದ ಅತ್ತೆ ಸೊಸೆ ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ಅತ್ತೆ ತಮ್ಮ ಹೊಲದ ಮೊದಲ ಹತ್ತಿಯಿಂದ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

“ಅಲ್ಲ ಕಣವ್ವ, ನೀ ಅಂಗಿ ಹೊಲಿಯೋದು ಇಲ್ಲಿ. ಅಮೆರಿಕದೋರು ಸುಂಕ ಏರ್ಸುದ್ರೆ ನಿಂಗ್ಯಾಕೆ ರಜೆ?”

“ಆ ಅಂಗಿ ತಗಳೋರೇ ಅವ್ರು, ಅತ್ತೆ. ಸುಂಕ ಸೇರಿ ದುಬಾರಿ ಆಯ್ತು, ಆರ್ಡರ್ ನಿಲ್ಸುದ್ರು. ಫ್ಯಾಕ್ಟರೀಲಿ ಅರ್ಧ ಮಿಷನ್ ನಿಂತವೆ.”

“ನಮ್ ಸರ್ಕಾರ ಸುಮ್ನದಾ?”

“ಇಲ್ಲ. ಹೊರದೇಶದ ಹತ್ತಿ ಮೇಲಿದ್ದ ಸುಂಕ ತೆಗೆದದೆ. ಹತ್ತಿ ಅಗ್ಗ ಆದ್ರೆ ಅಂಗಿ ಅಗ್ಗ ಆಯ್ತದೆ, ನಮ್ ಕೆಲ್ಸ ಉಳೀತದೆ ಅಂತ.”

ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು.

“ಅದ್ಕೇ ನಮ್ ಹತ್ತಿ ಕೇಳೋರಿಲ್ವಾ! ಶಿವನೇ, ಯಾರೋ ಎಲ್ಲೋ ರುಜು ಆಕುದ್ರೆ ಒಂದೇ ಮನೇಲಿ ನಿನ್ ಮಿಷನ್ನೂ ನಿಂತದೆ, ನನ್ ಹತ್ತಿ ಬೆಲೆನೂ ಬೀಳ್ತದೆ. ಅವ್ರ ಕೈ ಎಷ್ಟುದ್ದ ಇರ್ಬೇಕು!”

“ನಂಜುಂಡಪ್ಪನ ಕೈಗಿಂತ ಉದ್ದ ಅಲ್ಲ ಬುಡಿ.”

“ಅವನ್ನ ಏನಂತ ಬೇಡ್ಲಿ? ಹತ್ತಿ ಸುಂಕ ಮತ್ತೆ ಆಕ್ಸು ಅಂದ್ರೆ ನಿನ್ ಕೆಲ್ಸ ಓಯ್ತದೆ. ಬ್ಯಾಡ ಅಂದ್ರೆ ನನ್ ಹತ್ತಿ ಓಯ್ತದೆ.”

“ನಿಮ್ ಹತ್ತಿಗೆ ನಾ ಬೇಡ್ಕತೀನಿ. ನನ್ ಕೆಲ್ಸಕ್ಕೆ ನೀವು ಬೇಡ್ಕಳಿ.”

“ಸರಿ ಕಣವ್ವ. ಎರಡೂ ಎಂಗ್ ನಡೆಸ್ಕೊಡೋದು ಅಂತ ಅವನೇ ತಲೆ ಕೆಡಿಸ್ಕಳ್ಲಿ!”

ನಂಜನಗೂಡು ಬಂತು. ಸೊಸೆ ಅತ್ತೆಯ ಕೈ ಹಿಡಿದು ಇಳಿಸಿದಳು. ನನ್ನ ಪ್ರಾರ್ಥನೆ ಸ್ವಲ್ಪ ಕಾಯಲಿ ಎಂದು, ಗುಡಿಯ ದಾರಿಯಲ್ಲಿ ನಾನು ಅವರನ್ನೇ ಮುಂದೆ ಹೋಗಲು ಬಿಟ್ಟೆ.