ಮೊದಲ ಸೀಟಿನಲ್ಲಿ ತೆರೆದ ಕಣ್ಣು

"ಹಲೋ... ಹಲೋ, ಯಾರು ಮಾತಾಡ್ತಿರೋದು? ಅತ್ತಿಗೆನಾ? ನಾನು ಅತ್ತಿಗೆ, ನಾನೇ. ಅಣ್ಣ ಇದಾನಾ ಅಂಗಡೀಲಿ? ... ಇಲ್ಲ, ಪುಟ್ಟಿ ಚೆನ್ನಾಗಿದಾಳೆ, ಎಲ್ಲರೂ ಚೆನ್ನಾಗಿದೀವಿ. ಫೋನ್ ಕೊಡಿ ಅವನಿಗೆ, ಇದರಲ್ಲಿ ಚಾರ್ಜ್ ಇಲ್ಲ."

ಚೆನ್ನಾಗಿದೀವಿ ಎಂದವಳು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಹೊಲಿಗೆ ಮಶೀನು ತುಳಿದು ಗಂಡನ ಸಂಸಾರಕ್ಕೆ ಹೆಗಲು ಕೊಟ್ಟ ಹೆಂಗಸು ಅವಳು. ಗಂಡ ಬಸ್ ಡ್ರೈವರ್. ಕಂಪನಿಯವರು ಸಿಬ್ಬಂದಿಯನ್ನು ಹೆಂಡತಿ ಮಕ್ಕಳ ಸಮೇತ ಅಮ್ಯೂಸ್‌ಮೆಂಟ್ ಪಾರ್ಕಿಗೆ ಅವನು ಓಡಿಸುವ ಬಸ್ಸಿನಲ್ಲೇ ಕರೆತಂದಿದ್ದರು. ಈಗ ಅವಳು ನಲ್ಲಿಗಳ ಸಾಲಿನ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಮಗಳ ಮುಖ ತೊಳೆಸುವಾಗ ಬಿಚ್ಚಿಟ್ಟ ಅವಳದೇ ಹಸಿರು ಸ್ವೆಟರ್ ಎದುರಿನ ಕಂಬಿಯ ಮೇಲೆ ಹಾಗೇ ಇತ್ತು.

"ಅಣ್ಣಾ... ಇವರ ಲೆನ್ಸ್ ಹೋಯ್ತು. ಹಾಂ? ಒಂದಲ್ಲ, ಎರಡೂ... ಎಲ್ಲಿ ಅಂದ್ರೆ ಏನು ಹೇಳ್ಲಿ, ಗಾಳೀಲಿ! ರೋಲರ್ ಕೋಸ್ಟರ್ ಹತ್ತಿದ್ರು..."

"ಹೇಳಿದ್ರು ಅಣ್ಣ, ಹೇಳ್ದೆ ಇರ್ತಾರಾ? ಗೇಟಲ್ಲಿ ನಿಂತೋನು ಗಂಟಲು ಹರ್ಕೊಂಡ. ಕನ್ನಡಕ ಇದ್ದೋರು ಬಿಚ್ಚಿ ಟ್ರೇನಲ್ಲಿಡಿ, ಲೆನ್ಸ್ ಹಾಕಿರೋರು ಕಣ್ಣು ಗಟ್ಟಿಯಾಗಿ ಮುಚ್ಕೊಳಿ ಅಂತ. ಮ್ಯಾನೇಜರ್ ಬಿಚ್ಚಿಟ್ರು. ಇವರು ಏನಂತ ಬಿಚ್ಚಿಡ್ತಾರೆ?"

"ಅಯ್ಯೋ, ಕಣ್ಣು ಮುಚ್ಕೊಳಕ್ಕೆ ಬಿಟ್ರೆ ತಾನೆ! ಪಕ್ಕದಲ್ಲೇ ಮ್ಯಾನೇಜರ್. ನಮ್ಮ ಕಂಪನಿಯ ಹದ್ದಿನ ಕಣ್ಣು ಇವನದು, ಮೊದಲನೇ ಸೀಟಲ್ಲಿ ರೆಪ್ಪೆ ಬಡೀದೆ ಕೂತ್ಕೋತಾನೆ ನೋಡ್ತಿರಿ ಅಂತ ಎಲ್ಲರ ಮುಂದೆ ಉಬ್ಬಿಸಿಬಿಟ್ರು. ಇವರು ಬಡೀಲೇ ಇಲ್ಲ ಅಣ್ಣ... ಹೂಂ. ಆ ಗಾಳಿಗೆ ಒಣಗಿ, ಹಾರೇ ಹೋಯ್ತು."

ಕನ್ನಡಕದ ಡ್ರೈವರನ್ನು ಕಂಪನಿಯ ಮಾಲೀಕರು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಕೆಲಸಕ್ಕೆ ಸೇರಿದಾಗ ನೆಟ್ಟಗಿದ್ದ ಕಣ್ಣು ವರ್ಷ ಕಳೆದಂತೆ ಮಂಜಾಗಿ, ಈಗ ಸೋಡಾ ಬಾಟಲಿಯ ತಳದಂಥ ಗಾಜು ಬೇಕಾಗಿತ್ತು. ಕನ್ನಡಕದಂಗಡಿಯ ಅಣ್ಣನೇ ಗುಟ್ಟಾಗಿ ಲೆನ್ಸ್ ಮಾಡಿಸಿಕೊಟ್ಟಿದ್ದ. ಈ ಗುಟ್ಟು ಮೂವರನ್ನು ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿರಲಿಲ್ಲ.

"ಬೈಬೇಡ. ಬೈದ್ರೆ ಬರುತ್ತಾ ಲೆನ್ಸ್? ... ಹುಡುಕ್ದೆ, ಹುಲ್ಲಲ್ಲಿ ಮಂಡಿಯೂರಿ ಹುಡುಕ್ದೆ. ಒಂದೊಂದು ನೀರಿನ ಹನಿನೂ ಅದೇ ಅನ್ಸುತ್ತೆ."

"ಕನ್ನಡಕನಾ? ಮನೇಲಿ. ಮಶೀನಿನ ಡ್ರಾಯರಲ್ಲಿ, ದಾರದುಂಡೆಗಳ ಕೆಳಗೆ. ಯಾರಾದ್ರೂ ಬ್ಯಾಗಲ್ಲಿ ನೋಡಿಬಿಟ್ರೆ ಅಂತ ಇವರೇ ಬೇಡ ಅಂದ್ರು... ನೀನು ತರ್ತೀಯಾ? ಎಷ್ಟೊತ್ತಾಗುತ್ತೆ? ... ಅಷ್ಟೊತ್ತಾ? ಬಸ್ ಈಗ ಹೊರಡ್ತಿದೆ ಅಣ್ಣ, ಕಂಡಕ್ಟರ್ ಹಾರನ್ ಒತ್ತಿದ್ದು ಕೇಳಿಸ್ಲಿಲ್ವಾ?"

"ಬೇರೆಯವರದ್ದೂ ನೋಡಾಯ್ತು. ಟಿಕೆಟ್ ಕೊಡೋ ಹೆಂಗಸಿನ ಹತ್ರ ಏನೋ ಸುಳ್ಳು ಹೇಳಿ ಇಸ್ಕೊಂಡು ಬಂದೆ. ಓದೋ ಕನ್ನಡಕ ಅದು. ಹಾಕ್ಕೊಂಡು, ಈಗ ನೀನು ಇನ್ನೂ ಚೆಂದ ಕಾಣ್ತೀಯ ಕಣೇ, ಏನೂ ಕಾಣಿಸ್ತಿಲ್ಲ ಅಂದ್ರು... ಹೂಂ, ನಗಾಡ್ತಾ! ಮನೆಗೆ ಬೆಂಕಿ ಬಿದ್ರೂ ಚಳಿ ಕಾಯಿಸ್ಕೊಳ್ಳೋ ಗಿರಾಕಿ ಅಲ್ವಾ ಇವರು."

"ಹುಷಾರಿಲ್ಲ ಅಂದ್ಬಿಡಿ ಅಂತ ನಾನೂ ಹೇಳ್ದೆ. ಟ್ರಿಪ್ ಬಿಟ್ಟ ಡ್ರೈವರ್ ಮತ್ತೆ ಸ್ಟೀರಿಂಗ್ ಹಿಡೀಬೇಕಾದ್ರೆ ಕಂಪನಿ ಡಾಕ್ಟರ್‌ಗೆ ತೋರಿಸ್ಲೇಬೇಕು. ಅವರು ಮೊದಲು ಟಾರ್ಚ್ ಬಿಡೋದೇ ಕಣ್ಣಿಗೆ... ಇಲ್ಲ, ಬೇರೆ ಡ್ರೈವರ್ ಯಾರೂ ಬಂದಿಲ್ಲ. ಎಲ್ಲ ಡ್ಯೂಟಿ ಮೇಲಿದಾರೆ. ಬಂದಿರೋರು ಆಫೀಸಿನೋರು, ಕಂಡಕ್ಟರ್‌ಗಳು, ಅವರ ಹೆಂಡ್ರು ಮಕ್ಕಳು."

ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಆದರೂ ಆಸೆ ಅನ್ನುವುದು ಮನುಷ್ಯರನ್ನು ಎಂಥ ಮೂರ್ಖ ಮಾತಿಗೂ ಇಳಿಸುತ್ತದೆ.

"ಅಣ್ಣಾ, ನಾನು ಇವರ ಪಕ್ಕದಲ್ಲೇ ಕೂತ್ಕೋತೀನಿ. ತಿರುವು ಬಂದ್ರೆ ತಿರುವು, ಲಾರಿ ಬಂದ್ರೆ ಲಾರಿ ಅಂತ ಹೇಳ್ತಾ..."

"ಕಿರುಚಬೇಡ... ಗೊತ್ತು. ಬೆಟ್ಟ ಇಳಿಯೋ ದಾರಿ ಅಂತ ಗೊತ್ತು... ಹೌದು, ಪುಟ್ಟಿನೂ ಅದೇ ಬಸ್ಸಲ್ಲಿದಾಳೆ. ಆಗ್ಲೇ ಹತ್ತಿ ಕಿಟಕಿ ಪಕ್ಕ ಕೂತಾಯ್ತು."

"ಬೇಡ! ನೀನು ಮ್ಯಾನೇಜರ್‌ಗೆ ಫೋನ್ ಮಾಡಬೇಡ, ನಿನ್ನ ಕಾಲಿಗೆ ಬೀಳ್ತೀನಿ. ಕೆಲಸ ಹೋದ್ರೆ ಇವರು ಮನುಷ್ಯರಾಗಿ ಉಳಿಯಲ್ಲ ಅಣ್ಣ. ಊಟದ ತಟ್ಟೆ ಕೂಡ ಸ್ಟೀರಿಂಗ್ ಥರ ಹಿಡ್ಕೊಳ್ಳೋರು. ಬೇರೆ ಏನು ಗೊತ್ತು ಇವರಿಗೆ, ನೀನೇ ಹೇಳು?"

"... ಇರು, ಇವರೇ ಬರ್ತಿದಾರೆ. ನನ್ನ ಹುಡುಕ್ಕೊಂಡು. ಬೀಗದಕೈ ಬೆರಳಲ್ಲಿ ತಿರುಗಿಸ್ತಾ, ಶಿಳ್ಳೆ ಬೇರೆ... ನೋಡು, ಎಷ್ಟು ನೆಟ್ಟಗೆ ನಡೀತಿದಾರೆ. ಸ್ವಲ್ಪ ಕಾಣಿಸ್ತಿರಬೇಕು ಅಲ್ವಾ? ಪೂರ್ತಿ ಅಲ್ಲದಿದ್ರೂ..."

"ಅಣ್ಣಾ."

"ಕಂಬಿ ಹತ್ರ ನಿಂತ್ಕೊಂಡ್ರು. ನನ್ನ ಸ್ವೆಟರ್ ಇದೆ ಅಲ್ಲಿ. ನಾನು ಈ ಕಡೆ ಇದೀನಿ... ಅದರ ಜೊತೆ ಮಾತಾಡ್ತಿದಾರೆ ಅಣ್ಣ. ಹೊರಡೋಣ ಬಾರೇ, ಯಾಕೆ ಮುಖ ಊದಿಸ್ಕೊಂಡಿದೀಯ ಅಂತ ಕೇಳ್ತಿದಾರೆ..."

ಬಸ್ಸಿನ ಬಾಗಿಲಲ್ಲಿ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆಯೇ ಅವನೂ ನಕ್ಕ. ನಗುತ್ತಲೇ ಹೆಂಡತಿಯ ಕೈ ಹಿಡಿಯಲು ಮುಂದೆ ಬಗ್ಗಿದ. ಸ್ವೆಟರಿನ ಖಾಲಿ ತೋಳು ಕೈಗೆ ಸಿಕ್ಕಿತು. ಅವನು ಅದನ್ನು ಬಿಡದೆ, ಎಲ್ಲರಿಗೂ ಬೆನ್ನು ಹಾಕಿ ನಿಂತುಬಿಟ್ಟ. ಅವನ ಮುಖ ಅವಳೊಬ್ಬಳಿಗೇ ಕಾಣುತ್ತಿತ್ತು. ಹದಿನೈದು ಹೆಜ್ಜೆ ದೂರದಲ್ಲಿ ಅವಳು ಅಳುತ್ತಿದ್ದುದು ಅವನಿಗೆ ಕಾಣುತ್ತಿರಲಿಲ್ಲ.

"ತಮಾಷೆ ಅಲ್ಲ ಅಣ್ಣ, ಇದು ತಮಾಷೆ ಅಲ್ಲ. ಎಲ್ಲರೂ ಹಾಗಂತ ತಿಳ್ಕೊಂಡಿದಾರೆ... ಈಗ ಕಣ್ಣೊರೆಸ್ಕೊಂಡು ಬಸ್ ಕಡೆ ತಿರುಗಿದ್ರು. ಹೊರಟ್ರು..."

"... ಹೂಂ. ಹೂಂ ಅಣ್ಣ. ನೀನು ಫೋನ್ ಮಾಡೋದು ಬೇಡ. ನಾನೇ ಹೇಳ್ತೀನಿ. ಇವರು ನನ್ನ ಜೊತೆ ಮತ್ತೆ ಮಾತಾಡದಿದ್ರೂ ಪರವಾಗಿಲ್ಲ... ನೀನು ಡ್ರಾಯರಿಂದ ಆ ಕನ್ನಡಕ ತೆಗೆದು ಒರೆಸಿ, ಟೇಬಲ್ ಮೇಲೇ ಇಟ್ಬಿಡು. ಇನ್ಮೇಲೆ ಬಚ್ಚಿಡೋಕೆ ಏನಿದೆ?"

"ಸಾರ್! ಮ್ಯಾನೇಜರ್ ಸಾರ್, ಬೀಗದಕೈ ಇಸ್ಕೊಳಿ ಅವರ ಹತ್ರ! ನಗಬೇಡಿ ಸಾರ್, ದಯವಿಟ್ಟು ನಗಬೇಡಿ, ಇವರಿಗೆ ಕಣ್ಣು..."