ಪಾಸ್‌ಪೋರ್ಟ್ ಕೇಳಿದ ಹೆರಿಗೆ ಆಸ್ಪತ್ರೆ

ಒಂದು ಪಟ್ಟಣ. ಆ ಪಟ್ಟಣದಲ್ಲಿ ಒಬ್ಬ ಶ್ರೀಮಂತ. ಯಾವ ಪಟ್ಟಣ ಎಂದು ಕೇಳಬೇಡಿ ಸಭೆಯವರೇ. ಹೆಸರು ಹೇಳಿದೆನೋ, "ಸದ್ಯ, ನಮ್ಮೂರಲ್ಲ" ಎಂದು ನಿಮ್ಮಲ್ಲಿ ಅರ್ಧ ಜನ ಆರಾಮಾಗಿ ಚರ್ಚಿನ ಬೆಂಚಿಗೆ ಒರಗಿಬಿಡುತ್ತೀರಿ. ನನಗೆ ನೀವು ನೆಟ್ಟಗೆ ಕೂತಿರಬೇಕು.

ಈ ಶ್ರೀಮಂತ ತನ್ನ ತಾಯಿಯ ಹೆಸರಿನಲ್ಲಿ ಒಂದು ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದ. ಕೆಟ್ಟ ಮನುಷ್ಯನಲ್ಲ, ನೋಡಿ. ನವೆಂಬರ್ ಒಂದಕ್ಕೆ ಧ್ವಜ ಹಾರಿಸುವವನು ಅವನೇ, ಕನ್ನಡದ ಮೇಲೆ ಒಂದು ಗಂಟೆ ಭಾಷಣ ಹೊಡೆಯುವವನೂ ಅವನೇ. ಆ ಭಾಷಣದಲ್ಲಿ ತಪ್ಪದೆ ಅವನ ಅಜ್ಜನ ಕಥೆ ಬರುತ್ತಿತ್ತು. ಬಿಳಿ ಸಾಹೇಬನ ಬಂಗಲೆಯ ಮುಂದೆ ಅಜ್ಜನ ಚಪ್ಪಲಿ ಬಿಚ್ಚಿಸಿ, ಕರಿಯ ಎಂದು ಬೈದು, ಮಧ್ಯಾಹ್ನದ ತನಕ ಬಿಸಿಲಲ್ಲಿ ನಿಲ್ಲಿಸಿದ್ದರಂತೆ. ಅದನ್ನು ಹೇಳುವಾಗ ಶ್ರೀಮಂತ ಭಾಷಣ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ನಾಟಕವಲ್ಲ, ನಿಜವಾದ ಸಂಕಟ.

ಇಂಥವನ ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಎಲ್ಲೂ ಬರೆದು ಹಾಕಿರಲಿಲ್ಲ, ಕೌಂಟರಿನವರಿಗೆಲ್ಲ ಬಾಯಿಪಾಠವಾಗಿತ್ತು. ಆಫ್ರಿಕಾದವರು ಬಂದರೆ ಮೊದಲು ಪಾಸ್‌ಪೋರ್ಟ್, ಆಮೇಲೆ ಡಾಕ್ಟರು. ಬಿಳಿಯರು ಬಂದರೆ? ಬಿಳಿಯರು ಬಂದರೆ ಶ್ರೀಮಂತ ತಾನೇ ಮೆಟ್ಟಿಲಿಳಿದು ಬಂದು ಎಳನೀರು ಕೊಡಿಸುತ್ತಿದ್ದ! ಯಾರೋ ಕೇಳಿದರು, ಇದೇನು ಹೀಗೆ ಎಂದು. "ಬಿಳಿ ಮಂದಿನ್ನ ದೇವರು ಮ್ಯಾಲಿನ ಮೆಟ್ಟಲದಾಗ ಇಟ್ಟಾನ, ನಮ್ಮನ್ನ ನಡುವಿನ ಮೆಟ್ಟಲದಾಗ, ಇವರನ್ನ ಕೆಳಗ. ರಕ್ತಾನ ಬ್ಯಾರೆ. ದೇವರು ಇಟ್ಟದ್ದನ್ನ ನಾವ್ಯಾಕ ಕೆಡಸೋಣು?" ಎಂದ. ಅಜ್ಜನನ್ನು ಬಿಸಿಲಲ್ಲಿ ನಿಲ್ಲಿಸಿದ ಸಾಹೇಬನೂ ಇದೇ ಮಾತನ್ನು ಹೇಳುತ್ತಿದ್ದ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯ ಮುಂದೆ ಒಂದು ಬಾಡಿಗೆ ಟೆಂಪೋ ನಿಂತಿತು. ಒಬ್ಬ ಗಂಡ, ಅವನ ತುಂಬು ಬಸುರಿ ಹೆಂಡತಿ. ಇಬ್ಬರೂ ಸಿದ್ದಿಗಳು. ನಿಮಗೆ ಗೊತ್ತಲ್ಲ, ಹಳಿಯಾಳ, ಯಲ್ಲಾಪುರದ ಕಾಡಿನ ಅಂಚಿನಲ್ಲಿ ಇದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿಗೆ ತುಂಬಿ ತಂದ ಗುಲಾಮರ ಮಕ್ಕಳ ಮಕ್ಕಳು. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದೆ, ಇಲ್ಲಿ ಆಗುವುದಿಲ್ಲ, ಬೇಗ ಪಟ್ಟಣಕ್ಕೆ ಹೋಗಿ ಎಂದು ಊರಿನ ನರ್ಸಮ್ಮ ಕಳಿಸಿದ್ದಳು.

ಅವನು ಓಡಿಬಂದು ಕೌಂಟರಿನ ಹುಡುಗಿಗೆ ಹೇಳಿದ, "ಅಕ್ಕಾರ, ನನ್ನ ಹೆಣ್ತಿಗೆ ಬ್ಯಾನಿ ಬಂದಾವ್ರಿ. ಕೂಸು ಅಡ್ಡ ಐತಂತ. ಲಗೂ ಡಾಕ್ಟರನ್ನ ಕರೀರಿ."

ಯಾವ ಭಾಷೆಯಲ್ಲಿ ಹೇಳಿದ? ಕನ್ನಡದಲ್ಲಿ. ಹುಡುಗಿ ಅವನ ಮುಖ ನೋಡಿದಳು, ಕೂದಲು ನೋಡಿದಳು. ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, "ಪಾಸ್‌ಪೋರ್ಟ್. ಯುವರ್ ಪಾಸ್‌ಪೋರ್ಟ್" ಎಂದಳು.

"ಪಾಸ್‌ಪೋರ್ಟ್ ಎಲ್ಲೀದ್ರಿ ಅಕ್ಕಾರ, ನಾವು ಹಳಿಯಾಳದವರು. ಆಧಾರ್ ಕಾರ್ಡ್ ಐತಿ, ನೋಡ್ರಿ."

ಕಾರ್ಡು ಕೊಟ್ಟ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮಾಲೀಕನಿಗೆ ಫೋನು ಮಾಡಿದಳು. ಶ್ರೀಮಂತ ಮೇಲಿನ ಕೋಣೆಯಿಂದಲೇ, "ಅವರು ಇಂಥಾವು ನೂರು ಮಾಡಿಸ್ಕೊಂಡಿರ್ತಾರ. ಪೊಲೀಸರಿಗೆ ಫೋನ್ ಮಾಡ್ರಿ, ಅವರು ಬಂದು ನೋಡಲಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ" ಎಂದ.

ಆ ಹೆಂಗಸು ಹೊರಗಿನ ಬೆಂಚಿನ ಮೇಲೆ ಸೆರಗು ಕಚ್ಚಿಕೊಂಡು ಕೂತಿದ್ದಾಳೆ. ಗಂಡ ಕೌಂಟರಿಗೆ ಹೋಗುತ್ತಾನೆ, ಅವಳ ಹತ್ತಿರ ಬರುತ್ತಾನೆ, ಮತ್ತೆ ಹೋಗುತ್ತಾನೆ. ಕನ್ನಡದಲ್ಲಿ ಕೇಳುತ್ತಾನೆ, ಕನ್ನಡದಲ್ಲಿ ಬೇಡುತ್ತಾನೆ, ಕನ್ನಡದಲ್ಲಿ ಅಳುತ್ತಾನೆ. ಸರದಿಗಾಗಿ ಕಾಯುತ್ತಾ ಇಪ್ಪತ್ತು ಜನ ಅಲ್ಲಿ ಕೂತಿದ್ದರು. ಒಬ್ಬ ಮುದುಕಿ ಮಾತ್ರ, "ಅಯ್ಯ, ಅಂವಾ ಕನ್ನಡಾನ ಮಾತಾಡಾಕತ್ತಾನಲ್ಲೋ" ಎಂದಳು. ಪಕ್ಕದಲ್ಲಿದ್ದ ಮಗ, "ಸುಮ್ನ ಕೂಡಬೇ, ನಮಗ್ಯಾಕ ಇಲ್ಲದ ಉಸಾಬರಿ" ಎಂದ.

ಪೊಲೀಸ್ ಪೇದೆ ಬಂದಾಗ ಹನ್ನೆರಡೂವರೆ. "ಯಾವೂರಪಾ ನಿಂದು?" ಎಂದ. ಇವನು ಊರ ಹೆಸರು ಹೇಳಿದ. ಪೇದೆ ಕೌಂಟರಿನ ಕಡೆ ತಿರುಗಿ, "ಇವರು ಸಿದ್ದಿ ಮಂದಿರೀ, ನಮ್ಮ ಕಡಿಯಾವ್ರ!" ಎಂದ. ಆಗ ಎಲ್ಲರೂ ಓಡಿದರು. ಡಾಕ್ಟರು ಓಡಿದರು, ನರ್ಸುಗಳು ಓಡಿದರು. ತಾಯಿಯ ಜೀವ ಉಳಿಯಿತು. ಮಗು ಉಳಿಯಲಿಲ್ಲ. ಹೆಣ್ಣುಮಗು, ದಿನ ತುಂಬಿದ್ದ ಮಗು. ಒಂದು ಗಂಟೆ ಮೊದಲಾಗಿದ್ದರೆ ಬದುಕುತ್ತಿತ್ತು ಎಂದು ಡಾಕ್ಟರೇ ಹೇಳಿದರು.

ಶ್ರೀಮಂತ ಕೆಳಗೆ ಬಂದ. ಅವನು ಅಳುತ್ತಿದ್ದ. "ಏನಪಾ ಇದು, ನಮ್ಮವ ಅಂತ ಮೊದಲ ಹೇಳಬಾರದೇನು?" ಎಂದ.

ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎದೆಗೆ ಹಿಡಿದು ನಿಂತಿದ್ದ ಅಪ್ಪ ಹೇಳಿದ, "ಹೇಳಿದ್ನಲ್ರೀ ಯಪ್ಪಾ. ಬಂದಾಗಿಂದ ಹೇಳಾಕತ್ತೀನಿ."

ಈಗ ನಿಮ್ಮ ಮುಖ ನೋಡುತ್ತಿದ್ದೇನೆ. ಕೆಲವರು ಕಣ್ಣೊರೆಸಿಕೊಂಡಿರಿ. "ಪಾಪ, ನಮ್ಮವನೇ ಆಗಿದ್ದನಲ್ಲ!" ಎಂದುಕೊಂಡಿರಿ, ಹೌದೋ ಅಲ್ಲವೋ? ಸಿಕ್ಕಿಬಿದ್ದಿರಿ ಸಭೆಯವರೇ. ಅವನು ನಮ್ಮವನಲ್ಲದಿದ್ದರೆ? ನಿಜವಾಗಿ ಆಫ್ರಿಕಾದಿಂದ ಬಂದವನಾಗಿ, ಒಂದಕ್ಷರ ಕನ್ನಡ ಬರದವನಾಗಿದ್ದರೆ? ಆಗ ಆ ಮಗು ಸತ್ತದ್ದು ಸರಿಯೇ? ಹೆರಿಗೆ ನೋವಿಗೆ ಯಾವ ದೇಶ? ಶ್ರೀಮಂತ ಅತ್ತದ್ದು ತಪ್ಪು ಮನುಷ್ಯನನ್ನು ನಿಲ್ಲಿಸಿದೆನಲ್ಲ ಎಂದು. ಮನುಷ್ಯನನ್ನು ನಿಲ್ಲಿಸಿದ್ದೇ ತಪ್ಪು ಎಂದು ಅವನಿಗೆ ಆಗಲೂ ತಿಳಿಯಲಿಲ್ಲ. ನಿಮಗೆ ತಿಳಿಯಿತೇ?

ನಮಗೆ ಆಸ್ಪತ್ರೆ ಇಲ್ಲ ಅನ್ನಬೇಡಿ. ಮಾಳಿಗೆಯ ಮೇಲೆ ಬಾಡಿಗೆಯ ಕೋಣೆ ಇದೆಯಲ್ಲ? ಕಾಲೇಜಿಗೆ ಬಂದ ಆಫ್ರಿಕಾದ ಹುಡುಗರು ಕೇಳಿದಾಗ ಖಾಲಿ ಇಲ್ಲ ಎಂದವರು ಈ ಸಭೆಯಲ್ಲೇ ಇದ್ದೀರಿ, ನನಗೆ ಗೊತ್ತು. ನಾಳೆ ಅದೇ ಹುಡುಗರನ್ನು ಹುಡುಕಿಕೊಂಡು ಹೋಗಿ ಬೀಗದ ಕೈ ಕೊಡಿ. ಮಗನಿಗೆ ಹೆಣ್ಣು ನೋಡುವಾಗ ಬೆಳ್ಳಗಿರಬೇಕು ಎನ್ನುವ ಮಾತನ್ನು ನಾಲಿಗೆಯಿಂದ ಕಿತ್ತುಹಾಕಿ. ಹೆತ್ತ ಮಗಳನ್ನೇ ಕರೀ ಎಂದು ಕೂಗುವ ತಾಯಂದಿರೇ, ಮೆಟ್ಟಿಲು ಕಟ್ಟುವ ಕೆಲಸ ನಿಮ್ಮ ಅಡುಗೆಮನೆಯಲ್ಲೇ ಶುರುವಾಗುತ್ತದೆ. ಮತ್ತೆ, ಬಸ್ಸಿನಲ್ಲಾಗಲಿ ಕಚೇರಿಯಲ್ಲಾಗಲಿ ಯಾರನ್ನಾದರೂ ಮುಖ ನೋಡಿ ನಿಲ್ಲಿಸಿದರೆ, ಎದ್ದು ನಿಂತು ಮಾತಾಡಿ. ಆ ಇಪ್ಪತ್ತು ಜನರಲ್ಲಿ ಒಬ್ಬ ಎದ್ದಿದ್ದರೆ ಸಾಕಿತ್ತು.

ಬೈಯುವ ಹಕ್ಕು ನನಗೂ ಇಲ್ಲ. ಆ ಕಂಬದ ಹಿಂದಿನ ಬೆಂಚಿನಲ್ಲಿ ಫಿಲೊಮಿನಾ ಅಕ್ಕ ನಾಲ್ಕು ವರ್ಷದಿಂದ ಕೂರುತ್ತಿದ್ದಾರೆ. ಅವರೂ ಸಿದ್ದಿಗಳು. ಕ್ರಿಸ್ಮಸ್ಸಿಗೆ ಜನ ಹೊರಗೆ ನಿಂತಿದ್ದಾಗಲೂ ಅವರ ಪಕ್ಕದ ಜಾಗ ಖಾಲಿ ಇತ್ತು. ಮೊದಲ ಭಾನುವಾರ ನಾನು ಬಾಗಿಲಲ್ಲಿ ಅವರನ್ನು, "ವೆಲ್ಕಮ್ ಸಿಸ್ಟರ್, ವಿಚ್ ಕಂಟ್ರಿ?" ಎಂದು ಕೇಳಿದ್ದೆ. ಅವರು, "ಆರಾಮದೀರೇನ್ರಿ ಅಯ್ಯನವರ" ಎಂದಿದ್ದರು. ಆ ನಾಚಿಕೆಗೆ ಮತ್ತೆ ಅವರನ್ನು ಮಾತಾಡಿಸಲೇ ಇಲ್ಲ. ನೋಡಿ, ನಿಮ್ಮ ಪಾದ್ರಿಯ ಯೋಗ್ಯತೆ.

ನಿನ್ನೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಇವತ್ತು ಸಭೆಯ ಪ್ರಾರ್ಥನೆ ನೀವು ಮಾಡಬೇಕು ಎಂದೆ. "ಮಾಡ್ತೀನ್ರಿ. ಆದರ ಮಂದಿ ಕೇಳ್ತಾರೇನ್ರಿ?" ಎಂದರು. ಅದು ನೀವು ಕೊಡಬೇಕಾದ ಉತ್ತರ.

ಅಕ್ಕಾ, ಮುಂದೆ ಬನ್ನಿ. ನಾನು ಕೆಳಗೆ ಕೂರುತ್ತೇನೆ.