ತಟ್ಟೆಯ ಮುಚ್ಚಳ

ಅಯ್ಯೋ, ಅದನ್ನ ಇಲ್ಲಿಡ್ತಾರೇನೇ? ಊಟದ ಮೇಜಲ್ವಾ ಇದು! ತೆಗಿ, ಆ ಕಡೆ ಇಡು... ಸರಿ ಬಿಡು, ಇರಲಿ. ಮುಚ್ಚಳ ಭದ್ರವಾಗಿದೆ ತಾನೆ? ನೋಡ್ದೆ ಕಣೆ, ನೋಡ್ದೆ. ಮೂರು ಚುಕ್ಕೆ. ನಮ್ಮ ನೌಕೆಯ ಕೊರೆಯೋ ಮೊನೆಯನ್ನ ನೀನು ಹತ್ತಿಯಲ್ಲಿ ಒರೆಸಿದೆ, ಆ ಹತ್ತೀನ ಈ ಗಾಜಿನ ತಟ್ಟೇಲಿಟ್ಟೆ, ಕ್ರಿಮಿ ಬೆಳೀತು. ಆ ಮೊನೆಯನ್ನ ಅಷ್ಟು ಹೊತ್ತು ಓವನ್‌ನಲ್ಲಿಟ್ಟು ಬೇಯಿಸಿದ್ರೂ ಸಾಯಲ್ಲ ಅಂದ್ರೆ ಎಂಥ ಹಟಮಾರಿ ಕ್ರಿಮಿಗಳು! ನಿನ್ನ ಹಾಗೇ.

ಯಾಕೆ, ನಗು ಬರಲಿಲ್ವಾ? ಮೊದಲು ಉಣ್ಣು.

ನೋಡು, ಆಫೀಸಲ್ಲಿ ನಾನು ನಿನಗೆ ಮೇಡಂ, ಇಲ್ಲಿ ಅತ್ತೆ. ಉಡಾವಣೆ ನಾಳೆ. ಅಲ್ಲೀತನಕ ಟೈಮಿದೆ, ಕೂತು ಮಾತಾಡೋಣ ಅಂತಾನೇ ನಿನ್ನನ್ನ ಮನೆಗೆ ಕರ್ಕೊಂಡು ಬಂದಿದ್ದು. ಫೋನಾ? ಒಳಗೆ ಚಾರ್ಜಿಗೆ ಹಾಕಿದೀನಿ. ಆಮೇಲೆ ಕೊಡ್ತೀನಿ, ಎಲ್ಲಿ ಓಡಿಹೋಗುತ್ತೆ ಅದು!

ಏನಂದೆ? ನೌಕೆ ಇಳಿಯೋ ಆ ಲೋಕದಲ್ಲಿ ಹಿಮದಡಿ ಬೆಚ್ಚನೆ ಸಮುದ್ರ ಇದೆ, ಅದರಲ್ಲಿ ಜೀವ ಇದ್ರೆ ನಮ್ಮ ಕ್ರಿಮಿ ಅದನ್ನ ತಿಂದುಹಾಕುತ್ತೆ... ಇದ್ರೆ! ಇದೆಯೋ ಇಲ್ವೋ ನೋಡೋಕೇ ತಾನೆ ನೌಕೆ ಹೋಗ್ತಿರೋದು? ಆಹಾ, ಕೇಳಿಸ್ತು ಬಿಡು, ಎಷ್ಟು ಸಲ ಹೇಳ್ತೀಯ... ನಾವೇ ಬಿತ್ತಿ ಬಂದು, ನಾವೇ ಸಿಕ್ತು ಸಿಕ್ತು ಅಂತ ಕುಣೀತೀವಿ ಅಂತ. ನಿಜ. ನಿಜ ಕಣೆ! ನನಗೆ ಗೊತ್ತಿಲ್ವಾ? ಕ್ರಿಮಿ ಇರೋ ನೌಕೆ ಹಾರಿಸಬಾರದು ಅನ್ನೋ ನಿಯಮ ಮಾಡಿದ ಸಭೇಲಿ ನಾನೂ ಕೂತಿದ್ದೆ. ಆದ್ರೆ ಈಗ ಬಿಚ್ಚಿ ಮತ್ತೆ ಬೇಯಿಸ್ತಾ ಕೂತ್ರೆ ಅವಕಾಶ ಕೈತಪ್ಪುತ್ತೆ. ಆ ಲೋಕ ಇನ್ನೊಂದು ಸಲ ಹತ್ರ ಬರೋ ಹೊತ್ತಿಗೆ ನಾನು ನಿವೃತ್ತಿಯಾಗಿ, ಹಲ್ಲುದುರಿ... ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನಿನಗೆ ಮುಂದೆ ಬೇಕಾದಷ್ಟು ನೌಕೆ ಇವೆ. ನನಗೆ ಇದೊಂದೇ. ಆಸೆ ಕಣೆ. ನಾಚಿಕೆ ಬಿಟ್ಟು ಹೇಳ್ತೀನಿ, ಆಸೆ.

ಹಾಗೆ ತಲೆ ಅಲ್ಲಾಡಿಸಬೇಡ. ಪರೀಕ್ಷೆ ಮಾಡೋಳು ನೀನು. ನಿಲ್ಲಿಸಿ ಅಂತ ನೀನೊಂದು ಮಾತು ಅಂದ್ರೆ ಕೊನೇ ಗಳಿಗೇಲೂ ನಿಲ್ಲಿಸಲೇಬೇಕು. ಅದೊಂದು ಮಾತು ಅನ್ನಬೇಡ ಅಷ್ಟೇ. ಬೇಡ್ಕೋತೀನಿ. ನಾಳೆ...

ಲೋಟ ಅಲ್ಲಾಡ್ತಿದೆ, ಹಿಡ್ಕೋ. ಲಾರಿ ಇರಬೇಕು. ಈ ರಸ್ತೇಲಿ ಲಾರಿ ಓಡಾಟ ಜಾಸ್ತಿ... ಹೂಂ, ಕಿಟಕಿ ಗಾಜೂ ನಡುಗ್ತಿದೆ... ದೊಡ್ಡ ಲಾರಿ... ಆಚೆ ನೋಡಬೇಡ. ಮೇಲೆ ನೋಡಬೇಡ್ವೇ!

ಹೌದು, ನಮ್ಮ ನೌಕೇನೇ ಅದು, ನಾಳೆ ಅಂದಿದ್ದೆ. ಅಂದಿದ್ದೆ. ಬೈಯಿ! ಗುಂಡಿ ಒತ್ತೋಕೆ ಅಲ್ಲಿ ಜನ ಇದಾರೆ, ಅದಕ್ಕೆ ನಾನೇ ಬೇಕು ಅಂತೇನಿಲ್ಲ. ನಾನು ಇಲ್ಲಿ... ನಿನ್ನ ಜೊತೆ ಇಲ್ಲಿರಬೇಕಾಗಿತ್ತು.

ಏನ್ ಮಾಡ್ತಿದ್ದೀಯ? ಮುಚ್ಚಳ ಯಾಕೆ ತೆಗೀತಿದ್ದೀಯ? ಬೇಡ, ಊಟದ ಮೇಲೆ ಬೀಳುತ್ತೆ... ಮುಚ್ಚೇ ಅದನ್ನ! ನಮ್ಮ ಮನೆ ಕಣೇ ಇದು!